ಬಾವಿಯ ಬಾಯಿ, ಯಾರ ಬಾಯಿ

ಆ ಊರಿನಲ್ಲಿ ಹೇಳಿದ್ದು ಆಗುತ್ತಿತ್ತು. ಅಲ್ಲಿನ ಕಟ್ಟಳೆ ಅದೊಂದೇ. ತೆರೆ ಅಂದರೆ ತೆರೆಯಿತು, ಮುಚ್ಚು ಅಂದರೆ ಮುಚ್ಚಿತು, ಏಳು ಅಂದರೆ ಎದ್ದಿತು. ಆದರೆ ಯಾವುದು ತೆರೆಯಬೇಕು, ಯಾವುದು ಏಳಬೇಕು ಅನ್ನುವುದು ಮಾತಿಗೆ ತಿಳಿಯುತ್ತಿರಲಿಲ್ಲ. ಮಾತು ಅಂದರೆ ಕಟ್ಟಿಹಾಕದ ದನ. ಬಾಯಿಂದ ಹೊರಬಿದ್ದರೆ ಸಿಕ್ಕಿದ ಹೊಲಕ್ಕೆ ನುಗ್ಗುವುದೇ. ಒಬ್ಬಳು ಒಳಗೆ ಕೂತು ಬೆಲ್ಲದ ಡಬ್ಬಿಗೆ ತೆರೆ ಅಂದರೆ ಬೀದಿಯ ಬಾಗಿಲುಗಳೆಲ್ಲ ತೆರೆದವು, ಕೊಟ್ಟಿಗೆ ತೆರೆಯಿತು, ಆಗಷ್ಟೇ ಮಲಗಿದ ಕೂಸಿನ ಕಣ್ಣು ತೆರೆಯಿತು, ಎದುರುಮನೆಯವನ ಮಾಗಿದ ಗಾಯ ತೆರೆಯಿತು. ಹಾಗಾಗಿ ಜನ ಮಾತು ಕಡಿಮೆ ಮಾಡಿದ್ದರು. ಬೈಯುವುದನ್ನಂತೂ ಬಿಟ್ಟೇಬಿಟ್ಟಿದ್ದರು. ಯಾರಿಗೆ ತಗಲುತ್ತದೋ ಯಾರಿಗೆ ಗೊತ್ತು.

ಸುತ್ತ ಬಯಲು. ಬಯಲಿನ ಮೇಲೆ ಸಂಜೆ ಸಂಜೆಗೆ ಕೆಂಪು ಮಣ್ಣಿನ ಗಾಳಿ. ಊರ ನಡುವೆ ಒಂದೇ ಬಾವಿ. ಗಾಳಿ ಬರುವ ಮುಂಚೆ ಬಾವಿಯ ಬಾಯಿ ಮುಚ್ಚಬೇಕು, ಗಾಳಿ ಹೋದ ಮೇಲೆ ತೆರೆಯಬೇಕು. ಇಲ್ಲದಿದ್ದರೆ ಮಣ್ಣು ತುಂಬಿ ಬಾವಿ ಸಾಯುತ್ತದೆ. ಬಾವಿ ಸತ್ತರೆ ಊರೂ ಸಾಯುತ್ತದೆ. ಅದನ್ನು ನೋಡಿಕೊಳ್ಳಲಿಕ್ಕೆ ಒಬ್ಬ ಹೆಂಗಸು ಇದ್ದಳು. ಅವಳಿಗೆ ಬಾವಿಯವಳು ಅನ್ನುತ್ತಿದ್ದರು. ಅವಳು ಮುಚ್ಚು ಅಂದಾಗ ಬಾವಿಯ ಅಂಚಿನ ಕಲ್ಲುಗಳು ಎರಡು ತುಟಿಯ ಹಾಗೆ ಬಂದು ಕೂಡುತ್ತಿದ್ದವು. ಅವುಗಳ ಜೊತೆಗೇ ಊರಿನ ಬಾಗಿಲೆಲ್ಲ ಬಿದ್ದು, ಹೊರಗಿದ್ದವರು ಹೊರಗೇ ಉಳಿಯುತ್ತಿದ್ದರು. ಮಾತು ಸವೆದು ಹಳತಾಗಿದ್ದರಿಂದ ಅದರ ಹಿಡಿತ ಸಡಿಲವಿತ್ತು. ಗುದ್ದಿದರೆ, ಎಳೆದರೆ ಬಾಗಿಲು ಬರುತ್ತಿತ್ತು. ಹಾಗೂ ಹೀಗೂ ನಡೆದಿತ್ತು.

ಆ ಊರಿಗೆ ನುಡಿಗಾರ ಬಂದ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಒಂದು ಊರಿನಲ್ಲಿ ಉಣ್ಣುವಾಗ ಇನ್ನೊಂದು ಊರಿನ ದಾರಿ ಕೇಳುವವನು. ಎಲ್ಲಿ ಮಾತು ಮುರಿದಿದೆಯೋ ಅಲ್ಲಿಗೆ ಹೋಗಿ, ಹೊಸ ಮಾತು ಕಟ್ಟಿಕೊಟ್ಟು, ಕಟ್ಟಿದ್ದು ನಿಂತಿತೋ ಬಿತ್ತೋ ತಿರುಗಿ ನೋಡದೆ ಹೊರಟುಬಿಡುವವನು.

ಊರಿನ ಯಜಮಾನ ಅವನನ್ನು ಕೂರಿಸಿಕೊಂಡು ಕೇಳಿದ: "ನಮಗೊಂದು ಮಾತು ಕಟ್ಟಿಕೊಡಪ್ಪ. ಕರೆದರೆ ಕರೆದದ್ದೇ ಬರಬೇಕು, ಪಕ್ಕದ್ದು ಬರಬಾರದು."

"ಅಷ್ಟೇ ತಾನೆ? ಆಗ್ತದೆ," ಅಂದ ನುಡಿಗಾರ. ಎಲ್ಲ ಊರಿನಲ್ಲೂ ಅವನು ಹೇಳುತ್ತಿದ್ದದ್ದು ಇದೇ.

ಅವನು ಕಟ್ಟಿದ್ದು ಹೀಗೆ. ವಸ್ತುವಿಗೊಂದು ಗಂಟು. ಒಂದು ತುಂಡು ಬಟ್ಟೆಯಲ್ಲಿ ಆ ವಸ್ತುವಿನ ಅಂಗಗಳ ಗುರುತು ಇಡಬೇಕು. ಬಾವಿಗಾದರೆ ಒಂದು ಹರಳು, ಅದು ದಂಡೆ. ಒಂದು ಚಿಪ್ಪು, ಅದು ಆಳ. ಒಂದು ಮಣ್ಣಿನ ಬಳೆ, ಅದು ಬಾಯಿ. ಇವನ್ನೆಲ್ಲ ಕೂಡಿಸಿ ಕಟ್ಟಿ, ಕಟ್ಟಿದ ಮೇಲೆ ಆ ವಸ್ತುವಿನ ಹೆಸರು ಹೇಳಬೇಕು. ಅಲ್ಲಿಂದ ಮುಂದೆ ಅದು ಒಂದು. ಅದರ ಅಂಗ ಅದರದು, ಪಕ್ಕದ್ದು ಪಕ್ಕದ್ದು.

"ಸರಿ, ಕೆಲಸಗಳನ್ನ ಎಲ್ಲಿಡ್ತೀ?" ಅಂತ ಯಜಮಾನನ ಅವ್ವ ಕೇಳಿದಳು. ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿದ್ದ ಮುದುಕಿ. "ಮುಚ್ಚೋದು, ತೆರೆಯೋದು, ಮಡಚೋದು? ಅವೂ ಗಂಟಿನ ಒಳಗೇನಾ?"

ಇದರ ಮೇಲೆ ಕಟ್ಟೆಯಲ್ಲಿ ಬಹಳ ಹೊತ್ತು ಜಗಳವಾಯಿತು. ಒಳಗಿರಲಿ ಅಂದರು ಕೆಲವರು, ಮನೆಯವರು ಮನೆಯೊಳಗೇ ಇರಬೇಕು. ಹೊರಗಿರಲಿ ಅಂದರು ಕೆಲವರು, ಒಳಗಿದ್ದರೆ ಕರೆದದ್ದು ಕೇಳಿಸೋದು ಹೇಗೆ. ಕೊನೆಗೆ ಮುದುಕಿಯೇ ಬಗೆಹರಿಸಿದಳು. "ಕೆಲಸ ಅನ್ನೋದು ಮಗಳಿದ್ದಂಗೆ ಕಣ್ರೋ. ಹುಟ್ಟೋದು ಒಳಗೆ, ಬದುಕೋದು ಹೊರಗೆ. ತವರಿನ ನೆಂಟು ಮಾತ್ರ ಕಡಿಯಬಾರದು."

ಹಾಗಾಗಿ ಅಂಗ ಗಂಟಿನ ಒಳಗೆ ಉಳಿಯಿತು. ಗಂಟಿನಿಂದ ಇಳಿಬಿದ್ದ ಸೆರಗಿನ ಮೇಲೆ ಕೆಲಸ ಹೊಲಿಯುವುದು ಅಂತಾಯಿತು. ಕರೆಯುವುದಾದರೆ ಮೊದಲು ಹೆಸರು, ಆಮೇಲೆ ಒಂದು ಉಸಿರು, ಆಮೇಲೆ ಕೆಲಸ. ಬಾವಿ, ಮುಚ್ಚು. ಬಾಗಿಲು, ತೆರೆ. ಆ ನಡುವಿನ ಉಸಿರು ತಪ್ಪಬಾರದು. ಜನ ಬೀದಿಯಲ್ಲಿ ನಿಂತು ಉಸಿರು ಕಲಿತರು.

ಆ ಊರಿನಲ್ಲಿ ಸೂಜಿ ಹಿಡಿದು ಗೊತ್ತಿದ್ದವರು ಯಾರೂ ಇರಲಿಲ್ಲ. ಹರಿದದ್ದಕ್ಕೆ ಕೂಡು ಅಂದರೆ ಕೂಡುತ್ತಿತ್ತಲ್ಲ. ಆದ್ದರಿಂದ ಅಷ್ಟೂ ಸೆರಗನ್ನು ನುಡಿಗಾರ ತಾನೇ ಹೊಲಿಯಬೇಕಾಯಿತು. ಬೆಳಗಾದರೆ ಅವನ ಮುಂದೆ ಗಂಟಿನ ರಾಶಿ. ಬಾಗಿಲ ಗಂಟು, ಬಂಡಿಯ ಗಂಟು, ಮಂಚದ ಗಂಟು, ಒಲೆಯ ಗಂಟು. ಹೊಲಿದ, ಹೊಲಿದ, ಹೊಲಿದ. ಬೆರಳು ತೂತಾಯಿತು. ದಾರಿ ಅಲ್ಲೇ ಕಾಣುತ್ತಿತ್ತು, ಬಯಲಿನ ಮೇಲೆ ಬಿಳಿ ಗೆರೆ. ಅದನ್ನು ನೋಡಿದಾಗೆಲ್ಲ ಹೊಲಿಗೆ ಸೊಟ್ಟಗಾಗುತ್ತಿತ್ತು.

ಮೊದಲು ಅವನು ಪ್ರತಿ ಕೆಲಸದಲ್ಲೂ ಒಂದು ಮಾತು ಹೆಚ್ಚಿಗೆ ಹೊಲಿಯುತ್ತಿದ್ದ. 'ಮುಚ್ಚು' ಅನ್ನುವ ಕಡೆ 'ತನ್ನ ಬಾಯಿ ಮುಚ್ಚಲಿ' ಅಂತ. 'ಮಡಚು' ಅನ್ನುವ ಕಡೆ 'ತನ್ನ ಕಾಲು ಮಡಚಲಿ' ಅಂತ. ಮುದುಕಿ ಅದನ್ನು ನೋಡಿ ನಕ್ಕಳು.

"ಇದೇನೋ ನುಡಿಗಾರಪ್ಪ, ಸಾಲಿಗೊಂದು ತನ್ನ, ಸಾಲಿಗೊಂದು ತನ್ನ. ಊಟಕ್ಕೆ ಎದ್ದ, ಕೈ ತೊಳೆದ ಅಂತೀವಿ. ತನ್ನ ಕೈ ತೊಳೆದ ಅಂತ ಯಾವ ಊರಲ್ಲಾದ್ರೂ ಅಂತಾರಾ? ಊರವರ ಕೈಯೆಲ್ಲ ತೊಳೆಯೋಕೆ ಹೋಗಿದ್ನಾ ಅವನು?"

ಕಟ್ಟೆಯಲ್ಲಿದ್ದವರೆಲ್ಲ ನಕ್ಕರು. ಯಜಮಾನನೂ ದನಿಗೂಡಿಸಿದ: "ಹೌದಲ್ಲಯ್ಯ. ಯಾರದು ಅಂತ ಎಲ್ಲರಿಗೂ ಗೊತ್ತಿರೋದನ್ನ ಹೇಳಿದರೆ ಹೊರಗಿನವರ ಮಾತಿದ್ದಂಗೆ ಇರ್ತದೆ. ನಮ್ಮ ನಾಲಿಗೆಗೆ ಹತ್ತಲ್ಲ."

ನುಡಿಗಾರನಿಗೆ ಒಳಗೆ ಏನೋ ಚುಚ್ಚಿತು. ಆದರೆ ಸಾಲಿಗೊಂದು ಮಾತು ಬಿಟ್ಟರೆ ಎಷ್ಟು ಹೊಲಿಗೆ ಉಳಿಯುತ್ತದೆ, ಎಷ್ಟು ಬೇಗ ಆ ಬಿಳಿ ಗೆರೆಯ ಮೇಲೆ ಕಾಲಿಡಬಹುದು ಅನ್ನುವುದೂ ಹೊಳೆಯಿತು. "ಬಿಡಿ ಹಂಗಾದ್ರೆ," ಅಂದ. ಹೊಲಿದಿದ್ದ 'ತನ್ನ'ಗಳನ್ನೆಲ್ಲ ಬಿಚ್ಚಿಹಾಕಿದ. ಮುಂದಿನದನ್ನು ಹೊಲಿಯಲೇ ಇಲ್ಲ.

ಹೊಸ ಮಾತು ಶುರುವಾದ ದಿನ ಹಳೆಯದು ಸತ್ತಿತು. ಬರೀ ತೆರೆ ಅಂದರೆ ಬರೀ ಗಾಳಿ. ಬಾಗಿಲು, ತೆರೆ ಅಂದರೆ ಆ ಬಾಗಿಲೊಂದೇ. ಬಂಡಿ, ಉರುಳು ಅಂದರೆ ಆ ಬಂಡಿಯೊಂದೇ. ಹಿಡಿತವೂ ಬಿಗಿ, ಮುಚ್ಚಿದ್ದನ್ನು ಆನೆ ಎಳೆದರೂ ತೆರೆಯುತ್ತಿರಲಿಲ್ಲ. ಜನಕ್ಕೆ ಹುಚ್ಚು ಹಿಡಿದಂತಾಯಿತು. ಕೂತು ಕೂತು ಮಾತಾಡಿದರು. ಗಂಡ ಹೆಂಡತಿ ಬೈದಾಡಿಕೊಂಡರು, ಏನೂ ಆಗಲಿಲ್ಲ, ಇಬ್ಬರೂ ಅತ್ತರು. ಎಲ್ಲರಿಗಿಂತ ಹೆಚ್ಚು ಮಾತಾಡಿದ್ದು ಬಾವಿಯವಳು. ಅಷ್ಟು ವರ್ಷ ಒಂದು ಮಾತು ಆಡಬೇಕಾದರೆ ಊರಿನ ಬಾಗಿಲನ್ನೆಲ್ಲ ನೋಡಿ ಆಡಿದವಳು. ಈಗ ನೀರಿಗೆ ಬಂದವರನ್ನು ಹಿಡಿದು ನಿಲ್ಲಿಸಿ ಕಾಗೆಯ ಬಗ್ಗೆ, ಕನಸಿನ ಬಗ್ಗೆ, ತನ್ನ ಮೊಣಕೈ ನೋವಿನ ಬಗ್ಗೆ ಹೇಳುತ್ತಿದ್ದಳು. "ಬಾಯಿಗೆ ಬೀಗ ತೆಗೆದಂಗೆ ಆಗಿದೆ ಕಣಯ್ಯ," ಅಂತ ನುಡಿಗಾರನಿಗೂ ಹೇಳಿದಳು.

ಅದೇ ದಿನ ಮಧ್ಯಾಹ್ನ ಒಬ್ಬ ಮುದುಕ ಮಂಚ, ಮಡಚು ಅಂದ. ಮಂಚ ಹಾಗೇ ನಿಂತಿತು, ಮುದುಕ ಕಾಲು ಮಡಚಿಕೊಂಡು ಕುಸಿದ. ವಯಸ್ಸಾಯ್ತು, ಮಂಡಿ ಹೋಯ್ತು ಅಂದರು ಜನ. ನುಡಿಗಾರ ಆ ಮಂಚದ ಸೆರಗನ್ನು ಎತ್ತಿ ನೋಡಿದ. 'ಕಾಲು ಮಡಚಲಿ' ಅಂತಿತ್ತು. ಯಾರ ಕಾಲು ಅಂತ ಇರಲಿಲ್ಲ. ಬಾಗಿಲಿಗೆ ಕದ, ಬಂಡಿಗೆ ಗಾಲಿ. ಮನುಷ್ಯನಿಗೆ ಕದವಿಲ್ಲ, ಗಾಲಿಯಿಲ್ಲ. ಮಂಚಕ್ಕೆ ಕಾಲಿದೆ. ಮನುಷ್ಯನಿಗೂ ಇದೆ. ನಾಳೆ ನೋಡಿದರಾಯಿತು ಅಂತ ಸೆರಗು ಕೆಳಗೆ ಬಿಟ್ಟ. ನಾಳೆ ಅವನು ಹೊರಡುವವನಿದ್ದ.

ಆ ಸಂಜೆಯೇ ಬಾವಿಯ ಗಂಟಿನ ಸರದಿ ಬಂತು. ಅದನ್ನೇ ಕೊನೆಗಿಟ್ಟಿದ್ದರು, ದೊಡ್ಡದು ಅಂತ. ಗಂಟು ಕಟ್ಟಿ ದಂಡೆಯ ಮೇಲಿಟ್ಟಾಗ ಬಯಲಿನ ಅಂಚು ಕೆಂಪಾಗಿತ್ತು. ಬಾವಿಯವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಬಾವಿ," ಅಂದಳು. ಉಸಿರೆಳೆದಳು. "ಮುಚ್ಚು."

ಬಾವಿಯ ಕಲ್ಲು ಅಲುಗಲಿಲ್ಲ. ಅವಳ ತುಟಿ ಕೂಡಿತು. ಕೂಡಿದ ಜಾಗ ಮಾಯವಾಯಿತು. ತುಟಿಯೆರಡು ಹೋಗಿ ಒಂದಾಯಿತು. ಅವಳು ಎರಡೂ ಕೈಯಿಂದ ಮುಖ ಮುಟ್ಟಿಕೊಂಡಳು. ಕಣ್ಣು ಅಗಲವಾಯಿತು. ಆ ಕಣ್ಣಿನಿಂದ ನುಡಿಗಾರನನ್ನು ನೋಡಿದಳು.

"ಗಾಬರಿ ಬೇಡ," ಅಂದ ಯಜಮಾನ. "ಮುಚ್ಚು ಅಂದಿದ್ದಕ್ಕೆ ಮುಚ್ಚಿತು. ತೆರೆ ಅಂದರೆ ತೆರೀತದೆ." ನುಡಿಗಾರ ತಡೆಯುವ ಮುಂಚೆ ಅವನು ಎದೆಯುಬ್ಬಿಸಿ ಕೂಗಿದ: "ಬಾವಿ, ತೆರೆ!"

ಯಜಮಾನನ ದವಡೆ ಕೆಳಗೆ ಬಿತ್ತು, ಹಾಗೇ ನಿಂತಿತು. ಬಾಯೊಳಗೆ ಕಿರುನಾಲಿಗೆ ಎಲ್ಲರಿಗೂ ಕಂಡಿತು. "ಆ," ಅಂದ ಅವನು. "ಆ, ಆ."

"ಅಯ್ಯೋ, ಮುಚ್ಚೋ ಮಗನೆ, ಮಣ್ಣು ಹೋಗ್ತದೆ," ಅಂದಳು ಅವನ ಅವ್ವ. ಅಷ್ಟರಲ್ಲಿ ಗಾಳಿ ಬಂತು. ಬಾಯಿಗೆ ಪಂಚೆ ಸುತ್ತಿ ಯಜಮಾನನನ್ನು ಎಳೆದುಕೊಂಡು ಹೋದರು. ಬಾವಿ ತೆರೆದೇ ಇತ್ತು. ರಾತ್ರಿಯಿಡೀ ಮಣ್ಣು ಅದರೊಳಗೆ ಬಿತ್ತು.

ಬೆಳಿಗ್ಗೆ ನೀರು ಕೆಂಪಾಗಿತ್ತು, ಮೊದಲಿಗಿಂತ ಕೆಳಗಿತ್ತು. ಬಾವಿಯವಳು ದಂಡೆಯ ಮೇಲೆ ಕೂತಿದ್ದಳು. ನೀರಿನ ಪಕ್ಕದಲ್ಲೇ ಕೂತು ಅವಳಿಗೆ ಬಾಯಾರಿಕೆ. ಒಂದು ತೊಟ್ಟು ಹೋಗಲಿಕ್ಕೆ ದಾರಿಯಿಲ್ಲ. ಬಿಸಿಲು ಏರಿದಂತೆ ಅವಳ ಕಣ್ಣು ಒಳಗೆ ಹೋಯಿತು, ಕೆನ್ನೆ ಬೂದುಬಣ್ಣಕ್ಕೆ ತಿರುಗಿತು. ಗಂಟು ಬಿಚ್ಚಿ ನೋಡಿದರು. ಆದದ್ದು ಆಗಿತ್ತು, ಬಿಚ್ಚಿದರೆ ಹೋಗುತ್ತಿರಲಿಲ್ಲ. ಮತ್ತೆ ಕಟ್ಟಿದರು.

"ಅಂಗ ಯಾರದು ಅಂತ ಹೇಳದಿದ್ದರೆ ಕರೆದವರದ್ದನ್ನೇ ಹಿಡೀತದೆ," ಅಂದ ನುಡಿಗಾರ. "ಇವಳದ್ದು ತೆರೀಬೇಕಾದರೆ ಇವಳೇ ಕರೀಬೇಕು, ಕರೆಯೋಕೆ ಬಾಯಿಲ್ಲ. ತನ್ನ ಅಂತ ಹೊಲಿದರೆ ಬಾವಿ ಬಾಯಿ ಮುಚ್ಚುತ್ತದೆ. ಆಮೇಲೆ ತೆರೆ ಅಂದರೂ ತೆರೆಯೋದು ಬಾವಿಯದ್ದೇ. ಇವಳದ್ದಲ್ಲ. ಯಜಮಾನ್ರದ್ದೂ ಮುಚ್ಚಲ್ಲ."

"ಆ," ಅಂದ ಯಜಮಾನ, ಕೈ ಬೀಸುತ್ತ. ಅವನಿಗೆ ಒಂದು ಮಾತೂ ಆಡಲು ಬರುತ್ತಿರಲಿಲ್ಲ. ತುಟಿ ಕೂಡದೆ ಬಾವಿಯೂ ಇಲ್ಲ, ಮುಚ್ಚುವುದೂ ಇಲ್ಲ.

"ಹಂಗಾದ್ರೆ ಅವಳಿಗೇ ಒಂದು ಗಂಟು ಕಟ್ಟು," ಅಂದಳು ಮುದುಕಿ. "ಕಣ್ಣು, ಕೈ, ಬಾಯಿ ಎಲ್ಲ ಹಾಕಿ. ಸೆರಗಿನ ಮೇಲೆ ತೆರೆ ಅಂತ ಹೊಲಿ. ಹೆಸರು ಹಿಡಿದು ಕರೀತೀವಿ, ತೆರೀತದೆ. ನನ್ನ ಮಗನಿಗೂ ಒಂದು ಕಟ್ಟು."

ಮನುಷ್ಯರನ್ನು ಯಾರೂ ಗಂಟು ಕಟ್ಟಿರಲಿಲ್ಲ. ಗಂಟು ಕಟ್ಟಿದ ವಸ್ತು ಯಾರು ಕರೆದರೂ ಓಗೊಡಬೇಕು. ಏಳು ಅಂದರೆ ಏಳಬೇಕು, ಮಡಚು ಅಂದರೆ ಮಡಚಬೇಕು, ಮುಚ್ಚು ಅಂದರೆ ಮುಚ್ಚಬೇಕು. ಯಜಮಾನ ಅವಸರವಾಗಿ ತಲೆ ಅಲ್ಲಾಡಿಸಿ ತನ್ನನ್ನು ಬೇಡ ಅಂದ. ಬಾವಿಯವಳ ಕಡೆ ಬೊಟ್ಟು ಮಾಡಿ ಅವಳನ್ನು ಕಟ್ಟಿ ಅಂತ ಸನ್ನೆ ಮಾಡಿದ. ಬಟ್ಟೆ ತಂದರು. ಬಿಳಿ ಬಟ್ಟೆ. ಅವಳ ಮುಂದೆ ಹಾಸಿದರು.

"ಜೀವ ಉಳೀತದೆ ಕಣೆ," ಅಂದಳು ಮುದುಕಿ, ದನಿ ಮೆತ್ತಗೆ ಮಾಡಿ. "ಒಳ್ಳೆ ಜನ ನಾವು. ಸುಮ್ಮಸುಮ್ಮನೆ ಯಾರು ಕರೀತಾರೆ ನಿನ್ನ?"

ಬಾವಿಯವಳು ಬಟ್ಟೆ ನೋಡಿದಳು. ಸುತ್ತ ನಿಂತವರ ಮುಖ ಒಂದೊಂದಾಗಿ ನೋಡಿದಳು. ಆಮೇಲೆ ಗಂಟಲಿನಿಂದ, ಮೂಗಿನಿಂದ, ಮುಚ್ಚಿದ ಬಾಯಿಯ ಹಿಂದಿನಿಂದ ಹೇಳಿದಳು:

"ಉಹೂಂ."

"ಹಟ ಮಾಡಬೇಡವೇ, ರಾತ್ರಿ ತನಕ ಉಳಿಯಲ್ಲ ನೀನು."

"ಉಹೂಂ."

ಅವಳು ಕಾಲಿನಿಂದ ಬಟ್ಟೆ ತಳ್ಳಿದಳು. ಜನ ಒಬ್ಬರ ಮುಖ ಒಬ್ಬರು ನೋಡಿದರು. ನುಡಿಗಾರ ಮಾತ್ರ ಅವಳ ಬಾಯಿಯನ್ನೇ ನೋಡುತ್ತಿದ್ದ. ಇಲ್ಲದ ಬಾಯಿ. ಆ ಇಲ್ಲದ ಬಾಯಿಂದ ಈಗಷ್ಟೇ ಒಂದು ಮಾತು ಬಂದಿತ್ತು. ಎಲ್ಲರಿಗೂ ಕೇಳಿಸಿತ್ತು, ಎಲ್ಲರಿಗೂ ಅರ್ಥವಾಗಿತ್ತು.

"ಇನ್ನೊಂದು ಸಲ ಹೇಳು," ಅಂದ.

"ಉಹೂಂ!" ಅಂದಳು ಅವಳು, ಸಿಟ್ಟಿನಿಂದ.

"ಅದೇ. ಅದನ್ನೇ."

ಅವನು ಬಾವಿಯ ಗಂಟು ಎತ್ತಿಕೊಂಡು ಅಲ್ಲೇ ಮಣ್ಣಿನಲ್ಲಿ ಕೂತ. ಸೂಜಿಗೆ ದಾರ ಪೋಣಿಸಿ, ಪೋಣಿಸಿದ್ದು ತಪ್ಪಿ, ಮತ್ತೆ ಪೋಣಿಸಿದ. ಆಗಲೇ ಬಯಲಿನ ಅಂಚು ಬಣ್ಣ ತಿರುಗುತ್ತಿತ್ತು.

"ಮೊದಲು ತನ್ನ ಅಂತ ಹೊಲಿಯಯ್ಯ!" ಅಂತ ಜನ ಕೂಗಿದರು. "ಇನ್ನೊಂದು ಗಾಳಿ ಬಿದ್ದರೆ ಬಾವಿ ಉಳಿಯಲ್ಲ. ಬಾವಿ ನೋಡು ಮೊದಲು!"

"ತನ್ನ ಅಂತ ಹೊಲಿದ ಮೇಲೆ ಇವಳಿಗೆ ದಾರಿ ಇಲ್ಲ," ಅಂದ ಅವನು, ತಲೆಯೆತ್ತದೆ. "ತಪ್ಪು ತಪ್ಪಾಗಿರೋವಾಗಲೇ ಇವಳನ್ನ ಈಚೆ ತರಬೇಕು."

ಸೆರಗಿನ ತುದಿಯಲ್ಲಿ ಒಂದು ಹೊಸ ಕೆಲಸ ಹೊಲಿದ. ಕೆಲಸದ ಹೆಸರು ಉಹೂಂ. ಅದರ ಮುಂದೆ: 'ಬಾಯಿ ತೆರೆಯಲಿ.' ಯಾರ ಬಾಯಿ ಅಂತ ಹೊಲಿಯಲಿಲ್ಲ. ಗಂಟನ್ನು ತಂದು ಅವಳ ಮಡಿಲಲ್ಲಿಟ್ಟ. "ಗಂಟು ಮಡಿಲಲ್ಲಿದ್ದರೆ ಹೆಸರು ಕರೀಬೇಕಾಗಿಲ್ಲ. ಕೆಲಸ ಒಂದೇ ಸಾಕು. ಹೇಳು ತಾಯಿ."

ಅವಳು ಗಂಟಿನ ಮೇಲೆ ಎರಡೂ ಕೈ ಇಟ್ಟಳು.

"ಉಹೂಂ."

ತುಟಿಗಳ ನಡುವೆ ಒಂದು ಗೆರೆ ಕಂಡಿತು. ಗೆರೆ ಒದ್ದೆಯಾಯಿತು, ಬಿರಿಯಿತು. ಅವಳು ಬಾಯಿ ತೆರೆದು ಗಾಳಿ ಎಳೆದುಕೊಂಡಳು, ಕೆಮ್ಮಿದಳು. ಮುದುಕಿ ತಂಬಿಗೆಯಲ್ಲಿ ಕೊಟ್ಟ ಕೆಂಪು ನೀರನ್ನು ಮುಖದ ಮೇಲೆಲ್ಲ ಚೆಲ್ಲಿಕೊಂಡು ಕುಡಿದಳು. ಕುಡಿದಾದ ಮೇಲೆ ನುಡಿಗಾರನಿಗೆ ಹೇಳಿದ ಮೊದಲ ಮಾತು: "ನಿನ್ನ ಅವಸರಕ್ಕೆ ಬೆಂಕಿ ಹಾಕ."

ಅದೇ ಸೆರಗಿನಲ್ಲಿ ಯಜಮಾನನಿಗೂ ಒಂದು ಕೆಲಸ ಹೊಲಿದಾಯಿತು. ಅದರ ಹೆಸರು ಆ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಆ ಅಂದ, ಬಾಯಿ ಟಪ್ಪನೆ ಮುಚ್ಚಿತು. ಆ ಹೊಲಿಗೆಯನ್ನು ತಕ್ಷಣ ಕೀಳಿಸಿದ. "ಊರ ಯಜಮಾನ ಆ ಅಂತಿದ್ದ ಅಂತ ಗುರುತು ಉಳೀಬಾರದು." ನುಡಿಗಾರ ಉಹೂಂ ಅನ್ನುವುದನ್ನೂ ಬಿಚ್ಚಲು ಕತ್ತರಿ ಎತ್ತಿದ. ಬಾವಿಯವಳು ಅವನ ಮಣಿಕಟ್ಟು ಹಿಡಿದಳು.

"ಅದು ಇರಲಿ. ನನ್ನ ಜೀವ ಉಳಿಸಿದ್ದು ಅದು. ಕತ್ತರಿಸೋಕೆ ಕೈ ಹೇಗೆ ಬರ್ತದೆ ನಿನಗೆ?"

ವಾದ ಮಾಡಲು ಹೊತ್ತಿರಲಿಲ್ಲ. ಬಯಲು ಕೆಂಪಾಗಿತ್ತು. ಅವನು ಬೇಗ ಬೇಗ ಪ್ರತಿ ಸಾಲಿನಲ್ಲೂ ಆ ಬಿಟ್ಟ ಮಾತನ್ನು ಸೇರಿಸಿದ. ಮುಚ್ಚು: ತನ್ನ ಬಾಯಿ ಮುಚ್ಚಲಿ. ತೆರೆ: ತನ್ನ ಬಾಯಿ ತೆರೆಯಲಿ. ಉಹೂಂ: ತನ್ನ ಬಾಯಿ ತೆರೆಯಲಿ. ದಾರ ಕಡಿದು ಎದ್ದು ನಿಂತ.

"ಈಗ ಕರಿ," ಅಂದ.

"ನೀನೇ ಕರಿ," ಅಂದಳು ಬಾವಿಯವಳು, ಕೈಯಿಂದ ಬಾಯಿ ಮುಚ್ಚಿಕೊಂಡು. "ಹೋದರೆ ಈ ಸಲ ನಿನ್ನದು ಹೋಗಲಿ."

ಅವನು ದಂಡೆಯ ಹತ್ತಿರ ಹೋದ. "ಬಾವಿ," ಅಂದ. ಉಸಿರೆಳೆದ. "ಮುಚ್ಚು."

ಅವನ ಬಾಯಿಗೆ ಏನೂ ಆಗಲಿಲ್ಲ. ಬಾವಿಯ ಅಂಚಿನ ಕಲ್ಲುಗಳು ಗರಗರ ಅಂದವು. ಒಂದರ ಕಡೆ ಒಂದು ಸರಿದವು. ಜನ ಹೋ ಅಂದರು. ಕಲ್ಲುಗಳು ಇನ್ನೇನು ಕೂಡಬೇಕು ಅನ್ನುವಾಗ, ತಳದಿಂದ, ಮಣ್ಣು ನುಂಗಿ ಕೆಂಪಾದ ನೀರಿನ ಅಡಿಯಿಂದ ಒಂದು ದನಿ ಎದ್ದಿತು.

"ಉಹೂಂ."

ಕಲ್ಲುಗಳು ಹಿಂದಕ್ಕೆ ಸರಿದು ಮೊದಲಿನ ಜಾಗದಲ್ಲಿ ನಿಂತವು.

ನುಡಿಗಾರ ಮತ್ತೆ ಕರೆದ. ಕಲ್ಲು ಸರಿಯಿತು, ಕೆಳಗಿನಿಂದ ಉಹೂಂ ಬಂತು, ಕಲ್ಲು ಹಿಂದೆ ಹೋಯಿತು.

"ಇದೊಂದು ಬಾಕಿ ಇತ್ತು," ಅಂದಳು ಮುದುಕಿ, ನೆಲಕ್ಕೆ ಕೂತು. "ಬಾವಿಗೂ ಬಾಯಿ ಬಂತು."

"ತನ್ನ ಅಂತ ಹೊಲಿದೆನಲ್ಲ," ಅಂದ ನುಡಿಗಾರ ತನಗೆ ತಾನೇ. "ಅದಕ್ಕೆ ತಾನು ಅನ್ನೋದು ತಿಳೀತು. ಬೇಡ ಅನ್ನೋದೂ ಅದರ ಕೈಯಲ್ಲೇ ಇತ್ತು." ಅವನು ಕತ್ತರಿಗಾಗಿ ತಡಕಾಡಿದ. ಬಾವಿಯವಳು ಕತ್ತರಿಯ ಮೇಲೆ ಕಾಲಿಟ್ಟು ನಿಂತಿದ್ದಳು.

"ತೆಗಿ ಕಾಲು. ಗಾಳಿ ಬಂತು."

"ನನ್ನ ಮುಂದೆ ಬಟ್ಟೆ ಹಾಸಿದಾಗ ನಾನು ಅಂದದ್ದೂ ಅದನ್ನೇ," ಅಂದಳು. "ನನ್ನದಕ್ಕೆ ನೀನು ಕಿವಿ ಕೊಟ್ಟೆ. ಅದರದ್ದಕ್ಕೂ ಕೊಡು."

"ಮುಚ್ಚದಿದ್ದರೆ ಸಾಯ್ತದಲ್ಲ ಮಾರಾಯ್ತಿ!"

"ಅದು ಮುಚ್ಚಲ್ಲ ಅಂದರೆ ನಾವು ಮುಚ್ಚೋಣ." ಅವಳು ಸುತ್ತ ನೋಡಿದಳು. ಗೋಡೆಗೆ ಒರಗಿಸಿದ್ದ ಒಂದು ಒಂಟಿ ಕದ ಕಂಡಿತು. ಯಾವುದೋ ಬಿದ್ದ ಮನೆಯದು, ಅಗಲವಾದದ್ದು, ಕಬ್ಬಿಣದ ಪಟ್ಟಿ ಹೊಡೆದದ್ದು. "ಅದನ್ನ ತರೋಣ."

"ಅದಕ್ಕೆ ಗಂಟಿಲ್ಲ. ಹೇಳಿದರೆ ಬರಲ್ಲ."

"ಹೇಳೋದು ಯಾಕೆ? ಎತ್ತೋಣ."

ಜನ ಬಾಯಿ ಬಿಟ್ಟು ನೋಡಿದರು. ಭಾರವನ್ನು ಮಾತಿಗೆ ಬಿಡದೆ ಕೈಯಿಂದ ಎತ್ತುವುದನ್ನು ಆ ಊರು ನೋಡಿಯೇ ಇರಲಿಲ್ಲ. ಅವಳು ಕದದ ಒಂದು ತುದಿ ಹಿಡಿದಳು. ಎಲ್ಲಿ ಹಿಡಿಯಬೇಕು ಅಂತ ಗೊತ್ತಾಗದೆ ಬೆರಳು ಜಾರಿ, ಉಗುರು ಮುರಿದು, ಮತ್ತೆ ಹಿಡಿದಳು. ಇನ್ನೊಂದು ತುದಿ ನೆಲದಲ್ಲೇ ಇತ್ತು. ನುಡಿಗಾರ ಒಂದು ಸಲ ದಾರಿಯ ಕಡೆ ನೋಡಿದ. ಕೆಂಪು ಮಣ್ಣಿನಲ್ಲಿ ಬಿಳಿ ಗೆರೆ ಅಳಿಸುತ್ತಿತ್ತು. ಬಂದು ಆ ತುದಿ ಹಿಡಿದ.

"ಎತ್ತು, ಎತ್ತು. ನಿನ್ನ ಕಡೆ ತಗ್ಗು. ಅಯ್ಯೋ, ಕಾಲು ನೋಡ್ಕೊ!" ಅಂದಳು ಬಾವಿಯವಳು.

"ನೀನು ನಡಿ ಮೊದಲು."

"ನಾನು ಹಿಂದಕ್ಕೆ ನಡೀತಿದೀನಿ, ನಂಗೆ ಕಾಣಲ್ಲ. ನೀನು ಹೇಳು."

ಅವನು ಹೇಳಿದ: ಬಲ, ಎಡ, ಅಲ್ಲೇ ಕಲ್ಲಿದೆ, ದಾಟು. ಅವಳು ಕೇಳುತ್ತ ಬಂದಳು, ಬೇಡವೆನಿಸಿದಲ್ಲಿ ನಿಂತಳು. ಹಾಗೆ ಎಳೆದಾಡಿ ಕದವನ್ನು ಬಾವಿಯ ಮೇಲೆ ಹಾಕಿದರು. ಒಂದು ಮೂಲೆ ಸಾಲಲಿಲ್ಲ. ಮನುಷ್ಯ ಕೂರುವಷ್ಟು ಜಾಗ ತೆರೆದೇ ಉಳಿಯಿತು. ಗಾಳಿಯ ಮೊದಲ ಹೊಡೆತಕ್ಕೆ ಕದವೂ ಒಂದು ಕಡೆ ಮೇಲೆದ್ದಿತು.

ಬಾವಿಯವಳು ಕದದ ಮೇಲೆ ಹತ್ತಿ ಅಡ್ಡ ಮಲಗಿದಳು. ಆ ತೆರೆದ ಮೂಲೆಯನ್ನು ಗಲ್ಲದಿಂದ ತೋರಿಸಿದಳು.

ನುಡಿಗಾರ ತನ್ನ ಕಂಬಳಿ ಹೊದ್ದು ಆ ಮೂಲೆಯಲ್ಲಿ, ಕಾಲನ್ನು ಕತ್ತಲೆಯೊಳಗೆ ಇಳಿಬಿಟ್ಟು, ಕಂಬಳಿಯ ಅಂಚನ್ನು ಸುತ್ತಲೂ ಸಂದಿಗೆ ತುರುಕಿ ಕೂತ. ಗಾಳಿ ಊರನ್ನು ನುಂಗಿತು. ಯಜಮಾನ, ಮುದುಕಿ, ಕಟ್ಟೆ, ದಾರಿ ಯಾವುದೂ ಕಾಣಲಿಲ್ಲ. ಮಣ್ಣು ಅವನ ಬೆನ್ನಿಗೆ ಹೊಡೆಯಿತು, ಕಿವಿಗೆ ಹೊಡೆಯಿತು. ಕೆಳಗಿನಿಂದ ಬಾವಿಯ ತಣ್ಣನೆ ಉಸಿರು ಅವನ ಅಂಗಾಲಿಗೆ ಬಂದು ಬಂದು ತಾಗುತ್ತಿತ್ತು. ಸ್ವಲ್ಪ ಹೊತ್ತಿಗೇ ಅವನ ಕಾಲು ಚಡಪಡಿಸತೊಡಗಿತು. ಎದ್ದು ನಿಲ್ಲಬೇಕು, ಎಲ್ಲಿಗಾದರೂ ಸರಿ, ಹೊರಡಬೇಕು ಅನ್ನಿಸಿತು. ಅವನು ಅಲುಗಿದ. ಕಂಬಳಿಯ ಸಂದಿನಲ್ಲಿ ಒಂದು ಹಿಡಿ ಮಣ್ಣು ಜಾರಿ ನೀರಿಗೆ ಬಿದ್ದದ್ದು ಕೇಳಿಸಿತು.

"ಅಲ್ಲಾಡಬೇಡ," ಅಂದಳು ಅವಳು ಗಾಳಿಯೊಳಗಿನಿಂದ. ಅದು ಬರೀ ಮಾತು, ಹೇಳಿದ ಮಾತ್ರಕ್ಕೆ ಆಗುವಂಥದ್ದಲ್ಲ. ಅವನು ಎರಡೂ ಕೈಯಿಂದ ತನ್ನ ಮಂಡಿ ಹಿಡಿದುಕೊಂಡ.